ಉಳಿದ ಹದಿನಾರು ಜನ

ಮೂರು ದಿನದಿಂದ ನನ್ನ ಫೋನಿನಲ್ಲಿ ಒಂದು ಫಾರ್ಮು ತೆರೆದೇ ಇದೆ. ಮಗಳ ಶಾಲೆಯದು. ಜನವರಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯರನ್ನು ಹಂಪಿಗೆ ಕರೆದುಕೊಂಡು ಹೋಗುತ್ತಾರಂತೆ. ಮೂರು ರಾತ್ರಿ. ರಕ್ತದ ಗುಂಪು, ಅಲರ್ಜಿ, ಎರಡು ಫೋನ್ ನಂಬರು, ಬಸ್ಸಿನಲ್ಲಿ ವಾಂತಿ ಆಗುತ್ತದಾ, ಎಲ್ಲ ತುಂಬಿದ್ದೇನೆ. ಕೊನೆಯಲ್ಲಿ ಒಂದು ಸಣ್ಣ ಚೌಕ. ಮಗಳನ್ನು ಕಳಿಸಲು ಒಪ್ಪಿಗೆ ಇದೆ ಅಂತ ಅದರಲ್ಲಿ ಟಿಕ್ ಹಾಕಬೇಕು. ಅಲ್ಲಿಗೆ ಬಂದ ಕೂಡಲೇ ಕುಕ್ಕರ್ ಕೂಗುತ್ತದೆ. ಹೋಗಿ ಆರಿಸುತ್ತೇನೆ. ನಾಳೆ ನೋಡೋಣ ಅಂತ ಫೋನು ಮಗುಚಿಡುತ್ತೇನೆ. ಕುಕ್ಕರ್ ಕೂಗದ ಹೊತ್ತಿನಲ್ಲೂ ಹೀಗೇ ಆಗುತ್ತಿದೆ ಅನ್ನುವುದು ಬೇರೆ ಮಾತು.

ಇಂಥ ವಿಷಯದಲ್ಲಿ ನಾನು ಬಹಳ ಧೈರ್ಯದವಳು ಅಂದುಕೊಂಡಿದ್ದೆ. ಆಫೀಸಿನಲ್ಲಿ ಬೇರೆಯವರ ಮಕ್ಕಳ ಮಾತು ಬಂದಾಗ 'ಕಳಿಸ್ರೀ, ಏನೂ ಆಗಲ್ಲ' ಅಂತ ಮೊದಲು ಹೇಳುವವಳು ನಾನೇ. ನನ್ನ ಮನೆ ಬಾಗಿಲಿಗೆ ಬಂದಾಗ ಮಾತ್ರ ತುಂಗಭದ್ರೆಯ ಸುಳಿ ಕಾಣುತ್ತದೆ, ಬಂಡೆ ಮೇಲೆ ನಿಂತು ಸೆಲ್ಫಿ ತೆಗೆಯುವ ಹುಡುಗಿಯರು ಕಾಣುತ್ತಾರೆ, ನಿದ್ದೆಗಣ್ಣಿನ ಡ್ರೈವರ್ ಕಾಣುತ್ತಾನೆ.

ಈ ಒದ್ದಾಟದ ಮಧ್ಯೆ ನಮ್ಮ ಹಳೇ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಪಿಡಿಎಫ್ ಹಾಕಿದರು. 1993–94ರ ಶಾಲಾ ವಾರ್ಷಿಕಾಂಕ. ಪುಣೆಯ ಪೇಠೆಯೊಳಗಿನ ಮರಾಠಿ ಮಾಧ್ಯಮದ ಹೆಣ್ಣುಮಕ್ಕಳ ಶಾಲೆ ನಮ್ಮದು. ನಾನಾಗ ಎಂಟನೇ ಇಯತ್ತೆ, 'ಕ' ತುಕಡಿ. ಇಯತ್ತೆ ಅಂದರೆ ಕ್ಲಾಸು, ತುಕಡಿ ಅಂದರೆ ಸೆಕ್ಷನ್. ಮನೆಯಲ್ಲಿ ಗದಗದ ಕನ್ನಡ, ಶಾಲೆಯಲ್ಲಿ ಪುಣೆಯ ಮರಾಠಿ. ಗುಂಪಿನ ಅಡ್ಮಿನ್‌ ಕೂಡಲೇ ಕೆಲಸ ಹಂಚಿದಳು. ಬರುವ ವರ್ಷ ಎಲ್ಲರೂ ಸೇರುವ ಕಾರ್ಯಕ್ರಮವಿದೆ, ಅದಕ್ಕೊಂದು ಸ್ಮರಣ ಸಂಚಿಕೆ ಬೇಕು, 'ನೀನು ಬರೀತೀಯಲ್ಲ, ನಮ್ಮ ಬ್ಯಾಚಿನ ಸಾಧನೆ, ಸಹಲ, ಉಪಕ್ರಮ ಎಲ್ಲ ಸೇರಿಸಿ ಅರ್ಧ ಪುಟ ಬರೆದುಕೊಡು.' ಸಹಲ ಅಂದರೆ ಟ್ರಿಪ್ಪು. ಪುಣೆಯಲ್ಲಿ ಬೆಳೆದ ನಮಗೆ ಈಗಲೂ ಪ್ರವಾಸ ಅಂದರೆ ಅಪ್ಪ ಅವ್ವನ ಜೊತೆ ರಜೆಗೆ ಊರಿಗೆ ಹೋಗುವುದು, ಸಹಲ ಅಂದರೆ ಗೆಳತಿಯರ ಜೊತೆ ಕಿಟಕಿ ಸೀಟಿಗೆ ಜಗಳ ಆಡುವುದು.

ನಾಲ್ಕು ಪುಟ, ಮೂರು ಸಾಲು

ರಾತ್ರಿ ಎಲ್ಲರೂ ಮಲಗಿದ ಮೇಲೆ ಪಿಡಿಎಫ್ ತೆಗೆದೆ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಮೊದಲು ನನ್ನ ಹೆಸರು ಹುಡುಕಿದೆ. ಸಿಕ್ಕಿತು. ಎಲಿಮೆಂಟರಿ ಚಿತ್ರಕಲಾ ಪರೀಕ್ಷೆ, 'ಬಿ' ಶ್ರೇಣಿ. ನಮ್ಮ ಮನೆತನದ ಅಡ್ಡಹೆಸರು ಆ ಶಾಲೆಯ ಬಾಯಲ್ಲಿ ಯಾವತ್ತೂ ಸರಿಯಾಗಿ ಬಂದದ್ದಿಲ್ಲ, ಅಚ್ಚಿನಲ್ಲೂ ಬಂದಿಲ್ಲ. ಮಹಾರಾಷ್ಟ್ರದಲ್ಲಿ ಓದಿದವರಿಗೆ ಈ ಪರೀಕ್ಷೆ ಗೊತ್ತೇ ಇರುತ್ತದೆ. ಎಂಟನೆಯಲ್ಲಿ ಎಲಿಮೆಂಟರಿ, ಒಂಬತ್ತನೆಯಲ್ಲಿ ಇಂಟರ್‌ಮೀಡಿಯೆಟ್. ಸ್ಥಿರಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ ಅಂತ ಒಂದೊಂದು ಪೇಪರು. ನಾನು ಸ್ಥಿರಚಿತ್ರಕ್ಕೆ ತಂಬಿಗೆ ಬಿಡಿಸಿದ್ದು, ಅದರ ಬಾಯಿ ಸೊಟ್ಟ ಆಗಿ ಹುರಿದ ಹಪ್ಪಳದ ಹಾಗೆ ಕಂಡದ್ದು ನೆನಪಾಯಿತು. 'ಬಿ' ಕೊಟ್ಟದ್ದೇ ದೊಡ್ಡದು.

ಆ ವಾರ್ಷಿಕಾಂಕದಲ್ಲಿ ಮುಖ್ಯಾಧ್ಯಾಪಿಕೆಯವರ ಅಹವಾಲು, ಅಂದರೆ ವರ್ಷದ ವರದಿ ಇದೆ. ಸಾಧನೆಗೆ ನಾಲ್ಕು ಪುಟ. ಏಳನೆಯ ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ಯಾರು, ರಾಷ್ಟ್ರಭಾಷಾ ಸಭೆಯ ಹಿಂದಿ ಪರೀಕ್ಷೆಗಳಲ್ಲಿ ಯಾರು, ಆಗಸ್ಟ್ 1ರ ಟಿಳಕ್ ಪುಣ್ಯತಿಥಿಯ ಭಾಷಣದಲ್ಲಿ ಯಾರು, ಖೋ ಖೋ ತಂಡದಲ್ಲಿ ಯಾರು ಯಾರು. ಹತ್ತನೆಯ ಮೆರಿಟ್ ಲಿಸ್ಟಿನ ಹತ್ತಿರ ಹತ್ತಿರ ಬಂದವರ ಹೆಸರನ್ನೂ ಬಿಟ್ಟಿಲ್ಲ. ಆಗಿನ ಮೆರಿಟ್ ಲಿಸ್ಟು ಅಂದರೆ ಸುಮ್ನೆ ಅಲ್ಲ. ಮಾರನೆಯ ದಿನ ಪೇಪರಿನಲ್ಲಿ ಹುಡುಗಿಯ ಫೋಟೋ, ಬಾಯಿಗೆ ಪೇಢಾ ಹಾಕುವ ಅಮ್ಮ, ಪಕ್ಕದಲ್ಲಿ ಏನೂ ತಿಳಿಯದೆ ನಿಂತ ತಮ್ಮ. ಸಂಸ್ಕೃತದಲ್ಲಿ ಹೆಚ್ಚು ಅಂಕ ತೆಗೆದವರಿಗೆ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ ಅಂತ ಇತ್ತು. ಅದು ನಮ್ಮ ಶಾಲೆಗೆ ಬರಬೇಕು ಅಂತ ಸಂಸ್ಕೃತದ ಬಾಯಿ ಪಟ್ಟ ಪಾಡು ಆ ದೇವರಿಗೇ ಗೊತ್ತು. ಬಾಯಿ ಅಂದರೆ ನಮ್ಮಲ್ಲಿ ಟೀಚರು. ಮೇಡಂ ಅನ್ನುವ ರೂಢಿ ಆಮೇಲೆ ಬಂತು.

ಇನ್ನು ಸಹಲ. ಮೂರೇ ಸಾಲು. 'ಇಯತ್ತೆ ಎಂಟನೆಯ ಸಹಲ ಅಜಂತಾ, ವೇರುಳ, ದೌಲತಾಬಾದ್‌ಗೆ ಹೋಗಿತ್ತು. ಕ ತುಕಡಿಯಿಂದ 42 ವಿದ್ಯಾರ್ಥಿನಿಯರು ಭಾಗವಹಿಸಿದರು. ಸಹಲ ಆನಂದದಿಂದ ನೆರವೇರಿತು.' ವೇರುಳ ಅಂದರೆ ಎಲ್ಲೋರಾ.

ನಮ್ಮ ತುಕಡಿಯಲ್ಲಿ 58 ಜನ ಇದ್ದೆವು. ನನಗೆ ಖಾತ್ರಿ ಇದೆ, ಯಾಕೆಂದರೆ 58ನೆಯ ರೋಲ್ ನಂಬರು ನನ್ನ ಬೆಂಚಿನವಳದೇ. ಹಾಜರಿ ಕೂಗುವಾಗ ತನ್ನ ನಂಬರು ಬರುವಷ್ಟರಲ್ಲಿ ಅವಳು ಅರ್ಧ ಡಬ್ಬಿ ಖಾಲಿ ಮಾಡಿರುತ್ತಿದ್ದಳು. ಐವತ್ತೆಂಟರಲ್ಲಿ ನಲವತ್ತೆರಡು ಹೋದರೆ ಹದಿನಾರು. ಆ ಹದಿನಾರರಲ್ಲಿ ನಾನೂ ಒಬ್ಬಳು. ಅರ್ಧ ಪುಟ ಬರೆಯಲು ಕೂತವಳಿಗೆ ಈ ಕಳೆಯುವ ಲೆಕ್ಕ ತಲೆಗೆ ಹೊಕ್ಕಿತು. ಅವತ್ತಿನಿಂದ ಅದು ಹೊರಗೆ ಹೋಗುತ್ತಿಲ್ಲ.

ಆ ವರ್ಷವೇ ಸರಿಯಿರಲಿಲ್ಲ

1993. ಮಾರ್ಚ್‌ನಲ್ಲಿ ಮುಂಬೈಯಲ್ಲಿ ಬಾಂಬು ಸಿಡಿದಿದ್ದವು. ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪ. ಹಿಂದಿನ ರಾತ್ರಿಯಷ್ಟೇ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಕಲ್ಲು ಮಣ್ಣಿನ ದಪ್ಪ ಗೋಡೆಯ ಮನೆಗಳು ಮಲಗಿದವರ ಮೇಲೇ ಕುಸಿದವು. ಸುಮಾರು ಹತ್ತು ಸಾವಿರ ಜನ ಹೋದರು. ಲಾತೂರು, ಉಸ್ಮಾನಾಬಾದ್ ಅಂದರೆ ನಮ್ಮ ಕಲಬುರಗಿ, ಬೀದರಿನ ಮಗ್ಗುಲು. ಕಲಬುರಗಿಯಲ್ಲಿದ್ದ ನಮ್ಮ ಕಾಕಾ ಹಾಸಿಗೆ ಸಮೇತ ಅಂಗಳಕ್ಕೆ ಓಡಿ ಬಂದಿದ್ದರಂತೆ. ಶಾಲೆಯಲ್ಲಿ ಪ್ರತಿ ತುಕಡಿಗೂ ಒಂದು ಗೋಣಿಚೀಲ ಇಟ್ಟರು. ದಿನಾ ಒಂದು ಮುಷ್ಟಿ ಅಕ್ಕಿ, ಮನೆಯಲ್ಲಿ ಬೇಡವಾದ ಬಟ್ಟೆ. ಅಹವಾಲಿನಲ್ಲಿ ಇದಕ್ಕೆ ಒಂದು ಇಡೀ ಪ್ಯಾರಾ ಇದೆ, ಇರಬೇಕಾದದ್ದೇ.

ದೀಪಾವಳಿ ರಜೆ ಮುಗಿದ ಮೇಲೆ ಸಹಲದ ಚೀಟಿ ಬಂತು. ಡಿಸೆಂಬರಿನಲ್ಲಿ, ಎರಡು ರಾತ್ರಿ, ಎಸ್‌ಟಿ ಬಸ್ಸು, 185 ರೂಪಾಯಿ. ಕೆಳಗೆ ಕತ್ತರಿಸಿ ಕೊಡುವ ಪಟ್ಟಿ, ಪಾಲಕರ ಸಹಿ. ನಾನು ಅದನ್ನು ದೇವರ ಮುಂದೆ ಇಟ್ಟೆ, ಅವ್ವ ಬೆಳಿಗ್ಗೆ ದೀಪ ಹಚ್ಚುವಾಗ ನೋಡಲಿ ಅಂತ. ಅವ್ವ ನೋಡಿದಳು.

'ಭೂಮಿ ನಡುಗಿದ ವರ್ಷ ಐತಿ. ಮಕ್ಕೊಂಡಲ್ಲೇ ಹೋಗ್ಯಾರ ಮಂದಿ. ಪರ ಊರಾಗ ಕಲ್ಲಿನ ಗುಹಾ ನೋಡಾಕ ಹೋಗೂದು ಬ್ಯಾಡ. ಮುಂದಿನ ವರ್ಷ ಹೋಗೀಯಂತ.'

'ಅವ್ವಾ, ಅದು ಒಂದೇ ಕಲ್ಲು. ಬೀಳೂದಿಲ್ಲ. ಸಾವಿರದ ಇನ್ನೂರು ವರ್ಷದಿಂದ ಬಿದ್ದಿಲ್ಲ.' ವೇರುಳದ ಕೈಲಾಸ ದೇವಸ್ಥಾನವನ್ನು ಮೇಲಿನಿಂದ ಕೆಳಗೆ ಕೊರೆದದ್ದು, ಕಟ್ಟಿದ್ದಲ್ಲ ಅಂತ ಇತಿಹಾಸದ ಬಾಯಿ ಹೇಳಿದ್ದರು. ರಾಷ್ಟ್ರಕೂಟರ ಒಂದನೇ ಕೃಷ್ಣ ಮಾಡಿಸಿದ್ದು, ಅವರು ಕನ್ನಡದ ರಾಜರು ಅಂತ ಅಪ್ಪ ಮೇಲಿಂದ ಸೇರಿಸಿದ್ದ. ಹಾಗಾಗಿ ಅದು ನಮ್ಮ ಮನೆಯದೇ ದೇವಸ್ಥಾನ ಅನ್ನುವ ಹಾಗೆ ನಾನು ತುಕಡಿಯಲ್ಲಿ ಮೆರೆದಾಗಿತ್ತು. ಈಗ ಮನೆಯವಳೇ ಹೋಗುವುದಿಲ್ಲ!

ಅಪ್ಪ ಏನೂ ಅನ್ನಲಿಲ್ಲ. ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಕೂತಿದ್ದ.

ಉಳಿದ ಹದಿನೈದು ಜನರ ಕಾರಣಗಳೂ ಹೆಚ್ಚು ಕಡಿಮೆ ಗೊತ್ತಾದವು. ಎಂಟನೇ ಇಯತ್ತೆಯ ಹುಡುಗಿಯರಲ್ಲಿ ಗುಟ್ಟು ನಿಲ್ಲುತ್ತದಾ? ಒಬ್ಬಳ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಮನೆಯಲ್ಲಿ ಕೈಗೆ ಜನ ಬೇಕು. ಒಬ್ಬಳಿಗೆ ಅದೇ ದಿನಗಳಲ್ಲಿ ತಾರೀಖು ಬರುತ್ತದೆ ಅಂತ ಅವಳ ಅಮ್ಮ ಕ್ಯಾಲೆಂಡರ್ ನೋಡಿ ಹೇಳಿದ್ದರು. ಒಬ್ಬಳ ಅಣ್ಣನಿಗೆ ಹತ್ತನೇ ಪರೀಕ್ಷೆ. ಅಣ್ಣನ ಪರೀಕ್ಷೆಗೂ ತಂಗಿಯ ಸಹಲಕ್ಕೂ ಏನು ಸಂಬಂಧ ಅಂತ ಈಗ ಕೇಳಬಹುದು, ಆಗ ನಮಗ್ಯಾರಿಗೂ ಹೊಳೆಯಲಿಲ್ಲ. ಮೂರು ಜನ ದುಡ್ಡು ಇಲ್ಲ ಅಂತ ನೇರ ಹೇಳಿದರು. ರೋಲ್ ನಂಬರ್ 31 ಮಾತ್ರ 'ನಮ್ಮಪ್ಪ ರಾತ್ರಿ ಹೊರಗೆ ಬಿಡೋದಿಲ್ಲ' ಅಂದಳು. ಅಳು ಇಲ್ಲ, ಸಿಟ್ಟಿಲ್ಲ. ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದರೆ ಹೇಳುವ ಧಾಟಿಯಲ್ಲಿ ಹೇಳಿದಳು. (ಹೆಸರು ಹಾಕುವುದಿಲ್ಲ. ಅವಳ ಮನೆಗೆ ಈಗ ಅಳಿಯ ಬರುವ ಹೊತ್ತು.)

ಹೊಲಿಗೆ ಬಾಯಿ

ಸಹಲ ಹೊರಟ ದಿನ ಹೋಗದವರೂ ಶಾಲೆಗೆ ಬರಬೇಕು ಅಂತ ನಿಯಮ. ನಲವತ್ತೆರಡು ಜನ ಬೆಳಿಗ್ಗೆ ಐದಕ್ಕೇ ಹೊರಟು ಹೋಗಿದ್ದರು. ನಾವು ಹನ್ನೊಂದಕ್ಕೆ ಹೋದರೆ ಖಾಲಿ ಬೆಂಚುಗಳು. ಕಪ್ಪು ಹಲಗೆಯ ಮೇಲೆ ಯಾರೋ ಬಸ್ಸಿನ ಚಿತ್ರ ಬಿಡಿಸಿ 'ಟಾಟಾ' ಅಂತ ಬರೆದು ಹೋಗಿದ್ದರು. ಇಂಥ ದಿನ ಸಾಮಾನ್ಯವಾಗಿ ಮಾಡಿಸುವ ಕೆಲಸ ಒಂದೇ, ಪ್ರಯೋಗಶಾಲೆಯ ಬಾಟಲಿ ಒರೆಸುವುದು ಇಲ್ಲಾ ಲೈಬ್ರರಿಯ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕುವುದು.

ನಮ್ಮನ್ನು ನೋಡಿಕೊಳ್ಳಲು ಬಂದವರು ಹೊಲಿಗೆ ಬಾಯಿ. ಅವರ ಪಿರಿಯಡ್ ಅಂದರೆ ಯಾರಿಗೂ ಲೆಕ್ಕಕ್ಕಿಲ್ಲ. ಗಣಿತದ ಬಾಯಿಗೆ ಪೋರ್ಷನ್ ಮುಗಿದಿಲ್ಲ ಅಂದರೆ ಹೊಲಿಗೆ ಪಿರಿಯಡ್ ಹೋಗುತ್ತಿತ್ತು, ಗ್ಯಾದರಿಂಗಿನ ತಾಲೀಮು ಇದ್ದರೆ ಹೊಲಿಗೆ ಪಿರಿಯಡ್ ಹೋಗುತ್ತಿತ್ತು. ಸಹಲಕ್ಕೂ ಅವರನ್ನು ಯಾರೂ ಕರೆಯುತ್ತಿರಲಿಲ್ಲ, ಕ್ಲಾಸ್ ಟೀಚರುಗಳೇ ಹೋಗುವುದು. ಅವತ್ತು ಅವರು ಬಾಗಿಲಲ್ಲಿ ನಿಂತು ನಮ್ಮನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಡಬ್ಬಿ ತಂದಿದ್ದೀರಾ ಅಂತ ಕೇಳಿದರು. ಎಲ್ಲರೂ ತಂದಿದ್ದೆವು.

'ಚಲಾ ಗ,' ಅಂದರು. ನಡೀರಿ.

ಚೀಟಿ ಇಲ್ಲ, ಸಹಿ ಇಲ್ಲ, ಮುಖ್ಯಾಧ್ಯಾಪಿಕೆಯವರನ್ನು ಕೇಳಿದರೋ ಇಲ್ಲವೋ ಅದೂ ಗೊತ್ತಿಲ್ಲ. ಗೇಟಿನಲ್ಲಿದ್ದ ಆಯಾ ಮಾವಶಿ ತುಟಿ ಬಿಚ್ಚುವಷ್ಟರಲ್ಲಿ ಹದಿನಾರು ಜನ ಇಬ್ಬಿಬ್ಬರಾಗಿ ಕೈ ಹಿಡಿದುಕೊಂಡು ರಸ್ತೆಯಲ್ಲಿದ್ದೆವು. ಶುಕ್ರವಾರ ಪೇಠೆಯ ಕೇಳ್ಕರ್ ಮ್ಯೂಸಿಯಮ್ಮಿಗೆ ನಡೆಸಿಕೊಂಡು ಹೋದರು. ಪುಣೆಯವರಿಗೆ ಹೇಳಬೇಕಾಗಿಲ್ಲ. ದಿನಕರ ಕೇಳ್ಕರ್ ಅನ್ನುವವರು ಚಿಕ್ಕ ವಯಸ್ಸಿನಲ್ಲೇ ಹೋದ ತಮ್ಮ ಒಬ್ಬನೇ ಮಗ ರಾಜಾನ ಹೆಸರಿನಲ್ಲಿ, ಊರೂರು ತಿರುಗಿ ಕೂಡಿಸಿದ ಮನೆ ಬಳಕೆಯ ಸಾಮಾನುಗಳು. 1975ರಲ್ಲಿ ಎಲ್ಲವನ್ನೂ ಸರ್ಕಾರಕ್ಕೆ ಕೊಟ್ಟುಬಿಟ್ಟರು. ಟಿಕೆಟ್ಟಿನ ದುಡ್ಡು ಬಾಯಿ ತಮ್ಮ ಪರ್ಸಿನಿಂದಲೇ ಕೊಟ್ಟರು. ಚಿಲ್ಲರೆ ಎಣಿಸಿ ಎಣಿಸಿ ಕೊಟ್ಟದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ನಾನು ಮ್ಯೂಸಿಯಂ ಅಂದರೆ ಕತ್ತಿ, ಗುರಾಣಿ, ರಾಜರ ಪೇಟ ಅಂದುಕೊಂಡಿದ್ದೆ. ಅಲ್ಲಿ ನೋಡಿದರೆ ಅಡಕತ್ತಿಗಳು. ಒಂದೆರಡಲ್ಲ, ಗೋಡೆ ತುಂಬ. ಗಿಣಿಯ ಹಾಗಿನ ಅಡಕತ್ತಿ, ಕುದುರೆಯ ಹಾಗಿನದು, ಗಂಡ ಹೆಂಡತಿ ಒಬ್ಬರನ್ನೊಬ್ಬರು ತಬ್ಬಿಕೊಂಡ ಹಾಗಿನದು. ಅದನ್ನು ನೋಡಿ ಹಿಂದಿನ ಸಾಲಿನವರು ಕಿಸಕ್ಕಂದರು. ದೀಪಗಳು, ಸರಪಳಿಯ ತೂಗುದೀಪಗಳು, ಬಾಚಣಿಗೆಗಳು, ಕಾಲು ಉಜ್ಜುವ ಹಿತ್ತಾಳೆಯ ವಜ್ರಿಗಳು. ನಮ್ಮ ಅಜ್ಜಿ ಗದಗದ ಹಿತ್ತಲಿನಲ್ಲಿ ಒರಟು ಕಲ್ಲಿನಿಂದ ಹಿಮ್ಮಡಿ ತಿಕ್ಕುತ್ತಿದ್ದಳು. ಇಲ್ಲಿ ಅದೇ ಕೆಲಸಕ್ಕೆ ಮೇಲೆ ನವಿಲು ಕೂರಿಸಿದ ಹಿತ್ತಾಳೆ! ಹಿಮ್ಮಡಿ ತಿಕ್ಕುವುದಕ್ಕೂ ಯಾರೋ ಇಷ್ಟು ತಲೆ ಕೆಡಿಸಿಕೊಂಡಿದ್ದಾರಲ್ಲ ಅಂತ ನಾನು ಗಾಜಿಗೆ ಮೂಗು ಹಚ್ಚಿ ನಿಂತಿದ್ದೆ. ಹೊಲಿಗೆ ಬಾಯಿ ಹಿಂದಿನಿಂದ ಬಂದರು. ಕಸೂತಿ ಮಾಡಿದ ಒಂದು ಬಟ್ಟೆಯ ಮುಂದೆ ಕರೆದುಕೊಂಡು ಹೋಗಿ, ಈ ಟಾಕು, ಅಂದರೆ ಹೊಲಿಗೆ, ಯಾವುದು ಹೇಳು ಅಂದರು. ನನಗೆ ಗೊತ್ತಿರಲಿಲ್ಲ. 31 ಹೇಳಿದಳು. ವರ್ಷವಿಡೀ ಅವರ ಪಿರಿಯಡ್ಡಿನಲ್ಲಿ ನಾವು ಕದ್ದು ಗಣಿತದ ಹೋಂವರ್ಕ್ ಮಾಡುತ್ತಿದ್ದೆವು. ಅವಳೊಬ್ಬಳು ಮಾತ್ರ ಕೇಳಿಸಿಕೊಂಡಿದ್ದಳು ಅನ್ನುವುದು ಅವತ್ತು ತಿಳಿಯಿತು.

ಅಲ್ಲಿಂದ ಸಾರಸಬಾಗು ಅನ್ನುವ ಪಾರ್ಕಿಗೆ. ಗಣಪತಿಗೆ ಹೊರಗಿನಿಂದಲೇ ಕೈಮುಗಿದು ಹುಲ್ಲಿನ ಮೇಲೆ ಡಬ್ಬಿ ಬಿಚ್ಚಿದೆವು. ನನ್ನದು ಜೋಳದ ರೊಟ್ಟಿ, ಶೇಂಗಾ ಚಟ್ನಿ. ದಿನಾ ಮುಚ್ಚಿಟ್ಟು ತಿನ್ನುತ್ತಿದ್ದ ಡಬ್ಬಿ ಅದು, ಅವತ್ತು ನನಗೇ ಚೂರು ಉಳಿಯಲಿಲ್ಲ. ಊಟ ಆದ ಮೇಲೆ 31 ಎದ್ದು ಲಂಗ ಝಾಡಿಸಿ 'ಖೋ ಖೋ ಆಡೋಣ' ಅಂದಳು. ಒಂದು ಕಡೆ ಒಂಬತ್ತು ಜನ, ಎಂಟು ಮಂದಿ ಸಾಲಾಗಿ ಕೂರಬೇಕು, ಒಬ್ಬಳು ಅಟ್ಟಬೇಕು. ಓಡುವ ಕಡೆಗೆ ಏಳೇ ಜನ ಉಳಿದೆವು, ಇರಲಿ. ಆದರೆ ಕಂಬ? ಎರಡು ಕಂಬ ಇಲ್ಲದೆ ಖೋ ಖೋ ಆಗುವುದಿಲ್ಲ. ಅಟ್ಟುವವಳು ಒಮ್ಮೆ ಒಂದು ದಿಕ್ಕಿಗೆ ಹೊರಟರೆ ಕಂಬ ಮುಟ್ಟುವ ತನಕ ಹಿಂದೆ ತಿರುಗುವಂತಿಲ್ಲ. ಒಂದು ಕಡೆ ಮರ ಸಿಕ್ಕಿತು. ಇನ್ನೊಂದು ಕಡೆಗೆ ಏನು ಅಂತ ನಾವು ಸುತ್ತ ನೋಡುತ್ತಿದ್ದರೆ ಬಾಯಿ ಎದ್ದು ಬಂದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪರ್ಸು ಕಂಕುಳಲ್ಲಿ ಅವುಚಿ, ಕಂಬ.

31ರ ಆಟ ನೋಡಿದವರಿಗೆ ಗೊತ್ತು. ಅವಳು ಓಡುವುದು ಕಾಣುತ್ತಲೇ ಇರಲಿಲ್ಲ, ಈಗ ಇಲ್ಲಿದ್ದಳು, ಈಗ ಅಲ್ಲಿದ್ದಾಳೆ, ಅಷ್ಟೇ. ಅವಳು ಅಟ್ಟುತ್ತಾ ಬಂದು ಕಂಬ ಹಿಡಿದು ಇಡೀ ಮೈಯನ್ನು ಗಾಳಿಯಲ್ಲಿ ಚಾಚಿ ಹೊಡೆಯುವ ಪೋಲ್ ಡೈವಿಗೆ ಬೇರೆ ಶಾಲೆಯವರೂ ಹೆದರುತ್ತಿದ್ದರು. ಅವತ್ತು ನನ್ನ ಹಿಂದೆ ಬಂದಳು. ನಾನು ಬಾಯಿಯ ಹಿಂದೆ ಹೋಗಿ ನಿಂತೆ. ಒಂದು ಕ್ಷಣ ಅವಳು ಬಾಯಿಯ ಮುಖ ನೋಡಿದಳು, ಮುಟ್ಟಲೋ ಬೇಡವೋ ಅಂತ. ಬಾಯಿ ಕದಲಲಿಲ್ಲ, ಕಾಲು ಇನ್ನಷ್ಟು ಊರಿ ನಿಂತರು. 31 ಅವರ ಸೊಂಟಕ್ಕೆ ಕೈ ಹಾಕಿ ಗಿರ್ರನೆ ತಿರುಗಿ ನನ್ನ ಬೆನ್ನಿಗೆ ಒಂದು ಏಟು ಕೊಟ್ಟಳು. ಬಾಯಿಯ ಪರ್ಸು ಹಾರಿ ಬಿದ್ದು ಹುಲ್ಲೆಲ್ಲ ಚಿಲ್ಲರೆ. ವಾಚ್‌ಮನ್ ಸೀಟಿ ಊದುತ್ತಾ ಓಡಿ ಬಂದ, ಹುಲ್ಲಿನ ಮೇಲೆ ಓಡಬಾರದು ಅಂತ. ಆಮೇಲೆ ಅವನೂ ಬಗ್ಗಿ ಚಿಲ್ಲರೆ ಹುಡುಕಿದ.

ವಾಪಸ್ ಬರುವಾಗ ಬಾಯಿ ನೇರ ದಾರಿ ಬಿಟ್ಟು ಬುಧವಾರ ಪೇಠೆಯ ಕಡೆಗೆ ತಿರುಗಿಸಿದರು. ದಗಡೂಶೇಟ್ ಗಣಪತಿಯ ಎದುರಿಗೆ ಒಂದು ಮುರುಕು ವಾಡೆ, ಹಳೇ ಕಾಲದ ದೊಡ್ಡ ಮನೆ. ಕೆಳಗೆ ಅಂಗಡಿಗಳು, ಮೇಲೆ ಜೋತು ಬಿದ್ದ ವೈರುಗಳು. 'ಇದೇ,' ಅಂದರು. ಭಿಡೆ ವಾಡೆ. 1848ರಲ್ಲಿ ಜ್ಯೋತಿಬಾ, ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಜಾಗ. ಪ್ರತಿ ಜನವರಿ 3ಕ್ಕೆ ಸಾವಿತ್ರಿಬಾಯಿಯ ಮೇಲೆ ಭಾಷಣ ಬಾಯಿಪಾಠ ಮಾಡುತ್ತಿದ್ದೆವು. ಪಾಠ ಹೇಳಲು ಹೋಗುವಾಗ ಜನ ಸಗಣಿ ಎರಚುತ್ತಿದ್ದರು, ಅದಕ್ಕೇ ಇನ್ನೊಂದು ಸೀರೆ ಒಯ್ಯುತ್ತಿದ್ದರು ಅನ್ನುವ ಜಾಗಕ್ಕೆ ಬಂದಾಗ ದನಿ ನಡುಗಿಸಬೇಕು ಅಂತ ಹೇಳಿಕೊಟ್ಟಿದ್ದರು. ಆ ರಸ್ತೆ ನಮ್ಮ ಶಾಲೆಯಿಂದ ನಡೆದರೆ ಸಿಗುವಷ್ಟು ಹತ್ತಿರ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಈಗ ಆ ವಾಡೆ ಇಲ್ಲ. 2023ರ ಡಿಸೆಂಬರಿನಲ್ಲಿ ಕೆಡವಿದರು, ಸ್ಮಾರಕ ಕಟ್ಟುವುದಕ್ಕೆ.

ಗಂಟೆ ಹೊಡೆಯುವ ಮುಂಚೆ ಶಾಲೆಯಲ್ಲಿದ್ದೆವು. ತುಕಡಿಯ ಬಾಗಿಲಲ್ಲಿ ಬಾಯಿ ಮತ್ತೆ ಎಣಿಸಿದರು. ಹದಿನಾರು. 'ಮನೆಯಲ್ಲಿ ಹೇಳಬೇಡಿ ಅಂತ ನಾನು ಹೇಳೋದಿಲ್ಲ,' ಅಂದರು, 'ಕೇಳಿದರೆ ಹೇಳಿ.' ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಹೊರಗೆ ಮಲಗುವುದು

ಆ ಅಂಕದಲ್ಲಿ ಖೋ ಖೋ ತಂಡದ ಹನ್ನೆರಡು ಹೆಸರುಗಳಿವೆ. ವಿಭಾಗ ಮಟ್ಟಕ್ಕೆ ಹೋಗಿ ಸೆಮಿಫೈನಲ್ ಸೋತ ತಂಡ. ಅದರಲ್ಲಿ 31ರ ಹೆಸರಿಲ್ಲ. ಶಹರದ ಪಂದ್ಯಗಳನ್ನೆಲ್ಲ ಗೆಲ್ಲಿಸಿದ್ದು ಅವಳು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾದ ಪಂದ್ಯ ಅವು. ವಿಭಾಗದ ಪಂದ್ಯ ಸೊಲ್ಲಾಪುರದಲ್ಲಿತ್ತು, ಎರಡು ರಾತ್ರಿ ಉಳಿಯಬೇಕು. ಅಲ್ಲಿಗೆ ಅವಳ ಜಾಗದಲ್ಲಿ ಬೇರೊಬ್ಬಳು ಹೋದಳು. ಅಚ್ಚಾದದ್ದು ಸೊಲ್ಲಾಪುರಕ್ಕೆ ಹೋದವರ ಪಟ್ಟಿ.

ಇದು ಕಣ್ಣಿಗೆ ಬಿದ್ದ ಮೇಲೆ ನಾಲ್ಕು ಪುಟದ ಸಾಧನೆಯನ್ನು ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಶಾಲೆಯಲ್ಲೇ ಕೂತು ಬರೆಯುವ ಪರೀಕ್ಷೆಗಳಲ್ಲಿ ಹದಿನಾರರ ಪೈಕಿ ಬಹಳ ಹೆಸರುಗಳಿವೆ, ನನ್ನ ಸೊಟ್ಟ ತಂಬಿಗೆಯೂ ಸೇರಿ. ಸಂಜೆಯೊಳಗೆ ಮುಗಿಯುವ ಭಾಷಣ ಸ್ಪರ್ಧೆಗಳಲ್ಲೂ ಇವೆ. ಒಂದು ರಾತ್ರಿ ಹೊರಗೆ ಮಲಗಬೇಕಾದ ಯಾವ ಸಾಧನೆಯಲ್ಲೂ ಒಂದೇ ಒಂದು ಹೆಸರಿಲ್ಲ. ಶಿಬಿರ, ರಾಜ್ಯ ಮಟ್ಟದ ವಿಜ್ಞಾನ ಪ್ರದರ್ಶನ, ಗೈಡ್ಸ್ ಮೇಳಾವ, ಖೋ ಖೋ, ಯಾವುದರಲ್ಲೂ ಇಲ್ಲ. ಹೀಗೆ ಲೆಕ್ಕ ಹಾಕಿ ನೋಡುವ ತನಕ ನಾನು, ಆ ಶಾಲೆಯಲ್ಲಿ ಯಾರು ಜಾಣೆ ಯಾರು ಗಟ್ಟಿ ಅನ್ನುವುದು ಆ ನಾಲ್ಕು ಪುಟದಿಂದ ತಿಳಿಯುತ್ತದೆ ಅಂತಲೇ ನಂಬಿದ್ದೆ. ಅರ್ಧಕ್ಕರ್ಧ ತಿಳಿಯುವುದು ಯಾರ ಮನೆಯಲ್ಲಿ ಹಾಸಿಗೆ ಸುತ್ತಿಕೊಟ್ಟು ಕಳಿಸಿದರು ಅನ್ನುವುದು.

ಇಲ್ಲಿ ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಪುಣೆಯ ಹೆಣ್ಣುಮಕ್ಕಳ ಓದಿನ ಮಾತು ಬಂದಲ್ಲೆಲ್ಲ ಅವರ ಹೆಸರಿದೆ. ಆದರೆ ಅವರು ಹುಟ್ಟಿದ್ದು ನಮ್ಮ ಕಡೆ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಅಪ್ಪ ಅಮ್ಮನ ಜೊತೆ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತಲೇ ಬೆಳೆದವರು. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಎಲ್ಲ ತೀರಿಕೊಂಡ ಮೇಲೆ ಅಣ್ಣನ ಜೊತೆ ನಡೆದು ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಅವರ ಸಂಸ್ಕೃತ ಕೇಳಿ ಅಲ್ಲಿನ ಪಂಡಿತರು ಬೆರಗಾದರು. ಪುಣೆಗೆ ಬಂದದ್ದು 1882ರಲ್ಲಿ. ಆ ಹುಡುಗಿಯನ್ನು ರಾತ್ರಿ ಹೊರಗೆ ಬಿಡೋದಿಲ್ಲ ಅನ್ನಲು ಅವರಿಗೆ ಒಂದು ಮನೆಯೇ ಇರಲಿಲ್ಲ. ಇದನ್ನು ಅವರ ಪುಣ್ಯ ಅನ್ನಲು ನನಗೆ ಬಾಯಿ ಬರುವುದಿಲ್ಲ, ಅಷ್ಟು ಸಾವು ನೋಡಿದ್ದಾರೆ.

31ಕ್ಕೆ ಮೆಸೇಜ್ ಹಾಕಿದೆ. ಅವಳು ಕಾತ್ರಜ್ ಕಡೆ ಇದ್ದಾಳೆ, ಬ್ಲೌಸ್ ಹೊಲಿಯುತ್ತಾಳೆ, ಕೈಕೆಳಗೆ ನಾಲ್ಕು ಜನ ಇದ್ದಾರೆ. ಸೊಲ್ಲಾಪುರ ನೆನಪಿದೆಯಾ ಅಂತ ಕೇಳಿದೆ. ವಾಯ್ಸ್ ಮೆಸೇಜ್ ಬಂತು, ಹಿಂದೆ ಮೆಷಿನ್ನಿನ ಟರಟರ. 'ನೆನಪಿರದೆ ಏನು? ಬಸ್ ಸ್ಟ್ಯಾಂಡಿಗೆ ಹೋಗಿ ಕಳಿಸಿ ಬಂದಿದ್ದೆ. ನನ್ನ ಬೂಟು ಅವಳಿಗೆ ಕೊಟ್ಟೆ, ಅವಳದು ಹರಿದಿತ್ತು. ವಾಪಸ್ ಕೊಡುವಾಗ ತೊಳೆದೂ ಕೊಟ್ಟಿರಲಿಲ್ಲ ಮಹಾರಾಣಿ.' ಆಮೇಲೆ ಸ್ವಲ್ಪ ಹೊತ್ತು ಬರೀ ಮೆಷಿನ್ನಿನ ಸದ್ದು. ಕೊನೆಗೆ, 'ಬಾಯಿಯ ಪರ್ಸಿನಿಂದ ಬಿದ್ದದ್ದರಲ್ಲಿ ಎಂಟಾಣೆ ಸಿಗಲೇ ಇಲ್ಲ ಗೊತ್ತಾ, ನಂಗೆ ವಾರ ನಿದ್ದೆ ಬರಲಿಲ್ಲ.'

ಅವ್ವ ಅಂದದ್ದು

ಭಾನುವಾರ ಊಟಕ್ಕೆ ಕೂತಾಗ ಮಗಳು ಫಾರ್ಮಿನ ವಿಷಯ ತೆಗೆದಳು. ನಾಳೆ ಕೊನೆಯ ದಿನ. ನಾನು ನೋಡೋಣ ಅಂದೆ. 'ಮಮ್ಮಾ, ನೋಡೋಣ ಅಂದರೆ ಇಲ್ಲ ಅಂತಲೇ ಅಲ್ವಾ?' ಅಂದಳು. ಅದು ಅವಳಿಗೆ ಹೇಗೆ ಗೊತ್ತಾಯಿತೋ. ಮಾತು ತಿರುಗಿಸಲು ನನ್ನ ಎಂಟನೆಯ ಸಹಲದ ಕಥೆ ಹೇಳಿದೆ, ಭೂಕಂಪ, ಕಲ್ಲಿನ ಗುಹೆ, ಎಲ್ಲ. ಅಜ್ಜಿ ಹೆದರುಪುಕ್ಕಲಿ, ನನ್ನನ್ನು ಕಳಿಸಲಿಲ್ಲ ಅಂತ ನಗುತ್ತಲೇ ಹೇಳಿದೆ. ಅವ್ವ ಮಜ್ಜಿಗೆ ಕಲಸಿಕೊಳ್ಳುತ್ತಿದ್ದವಳು ತಲೆ ಎತ್ತಿದಳು.

'ನಾ ಯಾಕ ಹೆದರಲಿ? ಮೂರು ತಿಂಗಳಿಂದ ನಿಮ್ಮಪ್ಪಗ ಪಗಾರ ಆಗಿರಲಿಲ್ಲ. ಭೋಸರಿ ಕಾರಖಾನಿ ಬಾಗಲಾ ಹಾಕಿತ್ತು. ದಿನಾ ಡಬ್ಬಿ ತಗೊಂಡು ಹೋಗಿ ಪಾರ್ಕಿನಾಗ ಕೂತು ಬರ್ತಿದ್ದ. ನಿನಗ ಹೆಂಗ ಹೇಳೂದು? ಭೂಕಂಪದ ಮ್ಯಾಲೆ ಹಾಕಿದೆ.'

ನಾನು ಕೈಯಲ್ಲಿ ಅನ್ನ ಹಿಡಿದುಕೊಂಡೇ ಕೂತೆ. ಮೂವತ್ತು ವರ್ಷ ಈ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದೇನೆ, ಎಷ್ಟು ನಗಿಸಿದ್ದೇನೆ. ಅಪ್ಪ ಈಗ ಇಲ್ಲ. ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಕೂತವನು ಏನು ಓದುತ್ತಿದ್ದನೋ. ಯಾವ ಪಾರ್ಕು ಅಂತ ಕೇಳಬೇಕು ಅನ್ನಿಸಿತು, ಬಾಯಿ ಬರಲಿಲ್ಲ. ನಾವು ಸಾರಸಬಾಗಿನ ಹುಲ್ಲಿನ ಮೇಲೆ ಚಿಲ್ಲರೆ ಹುಡುಕುತ್ತಿದ್ದ ಮಧ್ಯಾಹ್ನ ಅವನೂ ಎಲ್ಲೋ ಒಂದು ಕಲ್ಲು ಬೆಂಚಿನ ಮೇಲೆ ಇದೇ ರೊಟ್ಟಿ ಚಟ್ನಿ ಬಿಚ್ಚಿರಬೇಕು.

ಅವ್ವ ಮಜ್ಜಿಗೆ ಕುಡಿದು ಮೊಮ್ಮಗಳಿಗೆ, 'ಹಂಪಿಗೆ ಹೋಗ. ಬಿಸಲು ಭಾಳ ಇರ್ತದ, ಟೋಪಿಗಿ ತಗೋ,' ಅಂದಳು. ಊಟ ಆದ ಮೇಲೆ ಚೌಕಕ್ಕೆ ಟಿಕ್ ಹಾಕಿದೆ. ಧೈರ್ಯ ಬಂತು ಅಂತೇನಲ್ಲ. ಸುಳಿ, ಬಂಡೆ, ಡ್ರೈವರ್ ಎಲ್ಲ ಈಗಲೂ ಇದ್ದಲ್ಲೇ ಇವೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ನನ್ನ ಮಗಳ ಶಾಲೆಯ ಯಾವುದಾದರೂ ಟೀಚರು ನನಗೆ ಹೇಳದೆ ಕೇಳದೆ ಅವಳನ್ನು ಊರೊಳಗೆ ತಿರುಗಿಸಿಕೊಂಡು ಬಂದಿದ್ದರೆ, ಪಾಲಕರ ಗುಂಪಿನಲ್ಲಿ ರಾತ್ರಿ ಹನ್ನೆರಡರವರೆಗೆ ಗಲಾಟೆ ಮಾಡುವವರಲ್ಲಿ ನಾನೇ ಮೊದಲಿರುತ್ತಿದ್ದೆ.

ಸ್ಮರಣ ಸಂಚಿಕೆಯ ಅರ್ಧ ಪುಟ ಬರೆದಾಯಿತು. ಸಾಧನೆ ಬಗ್ಗೆ ಎರಡು ಸಾಲು, ವೇರುಳದ ಸಹಲ ಒಂದು ಸಾಲು, ಉಳಿದದ್ದೆಲ್ಲ ಕೇಳ್ಕರ್ ಮ್ಯೂಸಿಯಂ, ಸಾರಸಬಾಗು ಮತ್ತು ಕಂಬ. ಕೊನೆಗೆ ಹದಿನಾರು ಜನರ ರೋಲ್ ನಂಬರು ಹಾಕೋಣ ಅಂದುಕೊಂಡೆ. ಹದಿನೈದು ಸಿಕ್ಕವು, ಒಂದು ಸಿಗುತ್ತಿಲ್ಲ. ಗುಂಪಿನಲ್ಲಿ ಕೇಳಿದೆ, ಅವತ್ತು ಹೊಲಿಗೆ ಬಾಯಿ ಜೊತೆ ಬಂದ ಹದಿನಾರನೆಯವಳು ಯಾರು ಅಂತ. ಹತ್ತು ನಿಮಿಷದಲ್ಲಿ ನಾಲ್ಕು ಜನ 'ನಾನೇ' ಅಂದರು. ಅದರಲ್ಲಿ ಒಬ್ಬಳ ಫೋಟೋ ಅದೇ ಅಂಕದ 22ನೇ ಪುಟದಲ್ಲಿದೆ. ವೇರುಳದಲ್ಲಿ, ಕೈಲಾಸದ ಅಂಗಳದ ಸೊಂಡಿಲು ಮುರಿದ ಕಲ್ಲಾನೆಯ ಪಕ್ಕ, ಎರಡು ಜಡೆ ಮುಂದಕ್ಕೆ ಹಾಕಿಕೊಂಡು ನಿಂತಿದ್ದಾಳೆ.